ಕೈ ಕಟ್ಟಿ ನಿಲ್ಲುವುದೂ ಆರೈಕೆಯೇ

ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರ ನೆರವಿನ ಮನೆಗಳಲ್ಲಿ ಆರೈಕೆ ಕೆಡುವುದು ಎಷ್ಟೋ ಸಲ ನಿರ್ಲಕ್ಷ್ಯದಿಂದಲ್ಲ, ಅವಸರದಿಂದ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಐದು ನಿಮಿಷ ಬೇಕು, ಸಿಬ್ಬಂದಿಗೆ ಅರ್ಧ ನಿಮಿಷ ಸಾಕು. ಹಾಕಿಬಿಡುತ್ತಾರೆ. ಹೀಗೇ ನಡೆದರೆ ಬರುತ್ತಿದ್ದ ಕೆಲಸವೂ ಕೈತಪ್ಪುತ್ತದೆ.

ಒಂದು ಸಲಕ್ಕೆ ಒಂದೇ ಕೆಲಸ ಕಲಿಸಿ. ಯಾವುದೆಂದು ಅವರೇ ಆರಿಸಲಿ. ವಾಷಿಂಗ್ ಮೆಷಿನ್ ಎನ್ನಿ. ಮೊದಲು ನೀವೇ ಒಮ್ಮೆ ಮಾಡಿ ಹಂತಗಳನ್ನು ಬರೆದುಕೊಳ್ಳಿ: ಜೇಬು ನೋಡುವುದು, ಬಟ್ಟೆ ತುಂಬುವುದು, ಸೋಪಿನ ಪುಡಿ ಹಾಕುವುದು, ಬಾಗಿಲು ಮುಚ್ಚುವುದು, ನಾಬ್ ತಿರುಗಿಸುವುದು, ಸ್ಟಾರ್ಟ್ ಒತ್ತುವುದು. ಕಲಿಸುವುದು ಮಾತ್ರ ಕೊನೆಯಿಂದ. ಮೊದಲ 5 ಹಂತ ನಿಮ್ಮದು, ಸ್ಟಾರ್ಟ್ ಒತ್ತುವುದು ಅವರದು. ಮೆಷಿನ್ ತಿರುಗತೊಡಗುವುದು ಅವರ ಕೈಯಿಂದ. ಅದಕ್ಕಿಂತ ಬೇರೆ ಶಹಬ್ಬಾಸ್ ಬೇಕಿಲ್ಲ. ಸತತ 3 ಸಲ ನೆರವಿಲ್ಲದೆ ಒತ್ತಿದರೆ ನಾಬ್ ತಿರುಗಿಸುವುದನ್ನೂ ಅವರಿಗೆ ಬಿಡಿ.

ಅವರು ತಡೆದು ನಿಂತರೆ ಮನಸ್ಸಿನಲ್ಲೇ 10 ಎಣಿಸಿ. ಇದೇ ಎಲ್ಲಕ್ಕಿಂತ ಕಷ್ಟ. ಆಮೇಲೆ ಬೆರಳು ತೋರಿಸಿ. ಆಗದಿದ್ದರೆ ಒಂದೆರಡು ಪದ ಹೇಳಿ. ಆಮೇಲೆ ಮಾಡಿ ತೋರಿಸಿ. ಕೈ ಹಿಡಿದು ಮಾಡಿಸುವುದು ಕಟ್ಟಕಡೆಗೆ, ಅದೂ ಅವರು ಒಪ್ಪಿದರೆ. ಮಾತಿಗಿಂತ ಸನ್ನೆ ಮೊದಲು ಬರುವುದಕ್ಕೆ ಕಾರಣವಿದೆ: ಮಾತು ಕೇಳಿ ಕೇಳಿ ರೂಢಿಯಾದವರು ಯಾರಾದರೂ ಹೇಳಲಿ ಎಂದು ಕಾಯುತ್ತಾರೆ, ಆ ರೂಢಿ ಬಿಡಿಸುವುದು ಸುಲಭವಲ್ಲ. ಬೆಳಗಿನ ಪಾಳಿಯವರು ಕಲಿಸಿದ್ದನ್ನು ರಾತ್ರಿಯವರು ತಾವೇ ಮಾಡಿ ಮುಗಿಸಿದರೂ ಅಷ್ಟೇ, ಕಲಿತದ್ದು ನಿಲ್ಲುವುದಿಲ್ಲ. ಹಂತಗಳ ಹಾಳೆ ಎಲ್ಲ ಪಾಳಿಗೂ ಒಂದೇ ಇರಲಿ.

ದಿನಚರಿ ಪುಸ್ತಕದಲ್ಲಿ ‘ಚೆನ್ನಾಗಿದ್ದರು’ ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ‘4ನೇ ಹಂತ, ಸನ್ನೆಯಿಂದ’ ಎಂದು ಬರೆಯಿರಿ.

ಅಪಾಯವಿದೆ ಎಂದು ಕೆಲಸವನ್ನೇ ಕಿತ್ತುಕೊಳ್ಳಬೇಡಿ, ಅಪಾಯ ಇರುವ ತುಣುಕನ್ನು ಮಾತ್ರ ಹಿಡಿದುಕೊಳ್ಳಿ. ಸ್ನಾನದಲ್ಲಿ ಆ ತುಣುಕು ನೀರಿನ ಬಿಸಿ: ತೊಟ್ಟಿಯ ನೀರು 44 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಥರ್ಮಾಮೀಟರಿನಲ್ಲೇ ನೋಡಿ. ಚರ್ಮದ ಸ್ಪರ್ಶ ಮಂಕಾಗಿರುವವರಿಗೆ ಸುಡುವುದು ಗೊತ್ತಾಗದೆ ಹೋಗಬಹುದು. ನೀರು ಹದವಾದ ಮೇಲೆ ಉಳಿದದ್ದು ಅವರದು. ಆದರೆ ಮೂರ್ಛೆರೋಗ ಇರುವವರನ್ನು ತುಂಬಿದ ತೊಟ್ಟಿಯಲ್ಲಿ ಒಬ್ಬರನ್ನೇ ಬಿಡಬೇಡಿ.

ಮಾತ್ರೆಗೆ 7 ದಿನದ ಡಬ್ಬಿ ಒಳ್ಳೆಯದು. ಕೆಲವು ಮಾತ್ರೆಗಳನ್ನು ಮೂಲ ಪೊಟ್ಟಣದಿಂದ ತೆಗೆದಿಡಬಾರದು, ಹಾಗಾಗಿ ಔಷಧಿಯಂಗಡಿಯ ಫಾರ್ಮಸಿಸ್ಟರನ್ನು ಮೊದಲೇ ಕೇಳಿ. ಆರಂಭದಲ್ಲಿ ಅವರು ನುಂಗುವಾಗ ಜೊತೆಗಿರಿ. ತಪ್ಪಿಲ್ಲದೆ ನಡೆದರೆ ಸಂಜೆ ಖಾನೆ ಖಾಲಿಯಾಗಿದೆಯೇ ಎಂದಷ್ಟೇ ನೋಡಿ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ, ವೈದ್ಯರಿಗೆ ಫೋನ್ ಮಾಡಿ.