ಪಿಯುಸಿ ಆದ್ಮೇಲೆ ಸರ್ಕಾರಿ ಯೂನಿವರ್ಸಿಟಿಲಿ ಡಿಗ್ರಿ: ಯಾವ ದಾರಿ, ಏನೇನ್ ಬೇಕು

ರಿಸಲ್ಟ್ ಬರ್ಲಿ ಆಮೇಲೆ ನೋಡೋಣ ಅಂತ ಕೂತ್ರೆ ಅರ್ಧ ದಾರಿ ಅಷ್ಟೊತ್ತಿಗೆ ಮುಚ್ಚಿರತ್ತೆ, ಇದನ್ನ ಮೊದಲೇ ಹೇಳ್ಬಿಡ್ತೀನಿ. ಕೆಸಿಇಟಿಗೆ (ಇಂಜಿನಿಯರಿಂಗ್ ಥರದ ಕೋರ್ಸಿಗೆ ರಾಜ್ಯದ ಪ್ರವೇಶ ಪರೀಕ್ಷೆ), ಸಿಯುಇಟಿಗೆ (ಕೇಂದ್ರೀಯ ವಿವಿಗಳ ಪ್ರವೇಶ ಪರೀಕ್ಷೆ) ಅರ್ಜಿ ಹಾಕೋದು ಪಿಯು ರಿಸಲ್ಟ್‌ಗಿಂತ ಮುಂಚೆ. ಬಿಎ, ಬಿಎಸ್ಸಿ, ಬಿಕಾಂ ಮಾತ್ರ ರಿಸಲ್ಟ್ ಆದ್ಮೇಲೆ ನಿಧಾನಕ್ಕೆ ಶುರುವಾಗತ್ತೆ. ಇನ್ನೊಂದು ವಿಷ್ಯ, ಪ್ರತಿ ವರ್ಷ ಅಡ್ಮಿಷನ್ ಟೈಮಲ್ಲಿ ಜನ ಒದ್ದಾಡೋದು ನೋಡಿದ್ರೆ ಮಾರ್ಕ್ಸ್ ಕಮ್ಮಿಯಾಗಿ ಸೀಟ್ ಕಳ್ಕೊಳ್ಳೋರಿಗಿಂತ ಪೇಪರ್ (ಅಂದ್ರೆ ದಾಖಲೆಪತ್ರ) ಸರಿ ಇಲ್ದೆ, ಇಲ್ಲ ಡೇಟ್ ಗೊತ್ತಿಲ್ದೆ ಕಳ್ಕೊಳ್ಳೋರೇ ಜಾಸ್ತಿ ಅನ್ಸತ್ತೆ ನಂಗೆ. ಹಾಗಾಗಿ ಪೇಪರ್ ಬಗ್ಗೆನೇ ಸ್ವಲ್ಪ ಉದ್ದ ಬರೀತೀನಿ, ಬೋರ್ ಆದ್ರೂ ಓದಿ.

ಮೊದ್ಲು ಯಾವ ಕೋರ್ಸಿಗೆ ಯಾವ ಬಾಗ್ಲು ಅಂತ ತಿಳ್ಕೊಳ್ಳಿ. ಮೈಸೂರು, ಧಾರವಾಡದ ಕರ್ನಾಟಕ ವಿವಿ, ಬೆಂಗಳೂರು, ಮಂಗಳೂರು, ಗುಲ್ಬರ್ಗ, ಕುವೆಂಪು, ತುಮಕೂರು, ದಾವಣಗೆರೆ, ರಾಣಿ ಚೆನ್ನಮ್ಮ, ಹೀಗೆ ರಾಜ್ಯದ ಮಾಮೂಲಿ ಯೂನಿವರ್ಸಿಟಿಗಳ ಬಿಎ ಬಿಎಸ್ಸಿ ಬಿಕಾಂ ಬಿಬಿಎ ಬಿಸಿಎಗೆ ಯುಯುಸಿಎಂಎಸ್ ಅನ್ನೋ ಸರ್ಕಾರಿ ಪೋರ್ಟಲ್. ಇಂಜಿನಿಯರಿಂಗ್, ಬಿಎಸ್ಸಿ ಅಗ್ರಿ, ವೆಟರ್ನರಿ, ಬಿ ಫಾರ್ಮ, ಬಿಎಸ್ಸಿ ನರ್ಸಿಂಗ್‌ಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸೋ ಕೆಸಿಇಟಿ (ನರ್ಸಿಂಗ್ 2023ರಲ್ಲಿ ಸೇರ್ಕೊಂಡಿದ್ದು, ಇನ್ನೂ ಎಷ್ಟೋ ಮನೇಲಿ ಗೊತ್ತಿಲ್ಲ). ಮೆಡಿಕಲ್‌ಗೆ ನೀಟ್, ಆದ್ರೆ ರಾಜ್ಯದ ಸೀಟಿನ ಕೌನ್ಸೆಲಿಂಗ್ ಮತ್ತೆ ಕೆಇಎನೇ ಮಾಡೋದು. ಕಲಬುರಗಿ ಹತ್ರ ಕಡಗಂಚಿಯಲ್ಲಿರೋ ಕರ್ನಾಟಕ ಕೇಂದ್ರೀಯ ವಿವಿಗೆ ಸಿಯುಇಟಿ. ಕೆಲಸ ಮಾಡ್ಕೊಂಡು ಓದ್ತೀನಿ ಅನ್ನೋರಿಗೆ ಮೈಸೂರಿನ ಮುಕ್ತ ವಿವಿ.

ಈಗ ಪೇಪರ್.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ನಿಮ್ಮ ಹೆಸರು ಹೆಂಗಿದೆಯೋ ಆಧಾರಲ್ಲೂ ಹಂಗೇ ಇರ್ಬೇಕು. ಇನಿಶಿಯಲ್ ಮುಂದೆ ಒಂದ್ಕಡೆ, ಹಿಂದೆ ಇನ್ನೊಂದ್ಕಡೆ, ಅಪ್ಪನ ಹೆಸರು ಒಂದ್ರಲ್ಲಿ ಸೇರಿ ಇನ್ನೊಂದ್ರಲ್ಲಿ ಸೇರ್ದೆ ಇರೋದು, ಇಂಥವೇ ಆಮೇಲೆ ಸ್ಕಾಲರ್‌ಶಿಪ್ ತನಕ ಕಾಟ ಕೊಡತ್ತೆ. ಬದಲಾಯಿಸೋದಾದ್ರೆ ಆಧಾರ್ ಬದಲಾಯಿಸಿ, ಮಾರ್ಕ್ಸ್ ಕಾರ್ಡ್ ತಿದ್ದಿಸೋದು ದೊಡ್ಡ ಕಥೆ. ಸೆಕೆಂಡ್ ಪಿಯು ಶುರುವಾದಾಗ್ಲೇ ಮಾಡಿಸ್ಕೊಂಡ್ರೆ ನೆಮ್ಮದಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಲಿ ಮಾಡ್ಸೋದು ಎಲ್ರಿಗೂ ಗೊತ್ತು, ಆದ್ರೆ ಅದರ ಮೇಲಿರೋ ಆರ್‌ಡಿ ನಂಬರ್ ಮುಖ್ಯ ಅನ್ನೋದು ಮರೀತಾರೆ, ಆನ್‌ಲೈನಲ್ಲಿ ಆ ನಂಬರ್ ಹಾಕಿದ್ರೆ ನಿಮ್ಮ ಹೆಸರು, ಕೆಟಗರಿ ಎರಡೂ ಸರಿಯಾಗಿ ಬರ್ಬೇಕು, ಬರ್ಲಿಲ್ಲ ಅಂದ್ರೆ ಕಾಗದ ಕೈಲಿದ್ರೂ ನಿಮ್ಮನ್ನ ಜನರಲ್ ಮೆರಿಟಲ್ಲೇ ಕೂರ್ಸೋ ಅಪಾಯ ಇದೆ. 2ಎ, 2ಬಿ, 3ಎ, 3ಬಿ ಅವ್ರು ವ್ಯಾಲಿಡಿಟಿ ಮುಗಿದಿದ್ಯಾ ಅಂತ ಈಗ್ಲೇ ನೋಡ್ಕೊಳ್ಳಿ, ಹೈಸ್ಕೂಲಲ್ಲಿ ಮಾಡ್ಸಿದ್ದನ್ನೇ ಹಿಡ್ಕೊಂಡು ಬರೋರು ತುಂಬಾ ಜನ. ಸರ್ಟಿಫಿಕೇಟ್ ಮಗ/ಮಗಳ ಹೆಸರಲ್ಲಿರ್ಬೇಕು, ಅಪ್ಪನ ಹೆಸರಿಂದು ನಡೆಯಲ್ಲ.

ಆಮೇಲೆ ವ್ಯಾಸಂಗ ಪ್ರಮಾಣಪತ್ರ. ಕೆಸಿಇಟಿಲಿ ಸರ್ಕಾರಿ ಸೀಟ್ ಬೇಕು ಅಂದ್ರೆ ಸಾಮಾನ್ಯವಾಗಿ ಅನ್ವಯ ಆಗೋ ನಿಯಮ ಇದು: ಒಂದನೇ ಕ್ಲಾಸಿಂದ ಸೆಕೆಂಡ್ ಪಿಯು ಒಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರ್ಬೇಕು, ಮತ್ತೆ ಎಸ್ಸೆಸ್ಸೆಲ್ಸಿ ಇಲ್ಲ ಪಿಯು ಇಲ್ಲೇ ಪಾಸಾಗಿರ್ಬೇಕು. ಹೊರರಾಜ್ಯದಲ್ಲಿ ಓದಿದ ಮಕ್ಕಳಿಗೆ, ಸೈನಿಕರ ಮಕ್ಕಳಿಗೆ ಬೇರೆ ನಿಯಮಗಳಿವೆ, ಕೆಇಎ ಬ್ರೋಶರ್‌ಲಿ ಕನ್ನಡದಲ್ಲೇ ಇರತ್ತೆ, ಓದಿ, ಪಕ್ಕದ್ಮನೆಯವ್ರನ್ನ ಕೇಳ್ಬೇಡಿ. ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮ 5 ಪರ್ಸೆಂಟ್. ಎರಡಕ್ಕೂ ಒಂದರಿಂದ ಹತ್ತನೇ ಕ್ಲಾಸ್ ತನಕ ಪೂರ್ತಿ ಹಂಗೇ ಓದಿರ್ಬೇಕು, ಹೆಡ್‌ಮಾಸ್ಟರ್ ಸಹಿ ಆದ್ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲು ಸಹಿ ಬೇಕು. ಎರಡು ಮೂರು ಸ್ಕೂಲಲ್ಲಿ ಓದಿದ್ರೆ ಪ್ರತಿ ಸ್ಕೂಲಿಂದ ತರ್ಬೇಕು. ಬೇಸಿಗೆ ರಜೇಲಿ ಸ್ಕೂಲ್ ಬಾಗ್ಲು ಹಾಕಿರತ್ತೆ, ಹೆಡ್‌ಮಾಸ್ಟರ್ ಊರಲ್ಲಿರಲ್ಲ, ಹಾಗಾಗಿ ಇದು ರಜೆಗೆ ಮುಂಚಿನ ಕೆಲಸ. ಸ್ಯಾಟ್ಸ್ ನಂಬರನ್ನೂ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡೋ ಐಡಿ) ಅವತ್ತೇ ಕೇಳಿ ಬರ್ಕೊಂಡು ಬನ್ನಿ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಕಡೆಯವ್ರಿಗೆ 371ಜೆ (ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡೋ ಸಂವಿಧಾನದ ವಿಧಿ) ಅನ್ನೋದು ಬಂಗಾರ. ಆ ಭಾಗದ ಸಂಸ್ಥೆಗಳಲ್ಲಿ 70 ಪರ್ಸೆಂಟ್ ಸೀಟ್, ರಾಜ್ಯದ ಉಳಿದ ಕಡೆ 8 ಪರ್ಸೆಂಟ್. ಅದರ ಅರ್ಹತಾ ಪತ್ರ ಕೊಡೋದು ಉಪವಿಭಾಗಾಧಿಕಾರಿ, ಅಂದ್ರೆ ಎಸಿ ಆಫೀಸ್. ತಹಶೀಲ್ದಾರ್ ಆಫೀಸಿನ ವಾಸಸ್ಥಳ ಪತ್ರ ಇಟ್ಕೊಂಡು ಇದೇ ಸಾಕು ಅನ್ಕೊಳ್ಬೇಡಿ, ಎರಡೂ ಬೇರೆ ಬೇರೆ.

ಇಷ್ಟು ಕೈಲಿದ್ರೆ ಯುಯುಸಿಎಂಎಸ್ ಸುಲಭ. 2021ರಿಂದ ಸರ್ಕಾರಿ, ಅನುದಾನಿತ, ಖಾಸಗಿ ಅಂತ ಬಹುತೇಕ ಡಿಗ್ರಿ ಕಾಲೇಜು ಅಡ್ಮಿಷನ್ ಇದರಲ್ಲೇ. ಒಂದ್ಸಲ ರಿಜಿಸ್ಟರ್ ಆಗಿ ಪ್ರೊಫೈಲ್ ತುಂಬಿ, ಕಾಲೇಜು ಮತ್ತೆ ಕಾಂಬಿನೇಷನ್ ಆರಿಸಿ ಅರ್ಜಿ ಹಾಕೋದು, ಆಮೇಲೆ ಒರಿಜಿನಲ್ ತಗೊಂಡು ಕಾಲೇಜಿಗೆ ಹೋಗಿ ತೋರಿಸೋದು. ಸೈಬರ್ ಸೆಂಟರಲ್ಲಿ ಮಾಡ್ಸೋದಾದ್ರೆ ಮೊಬೈಲ್ ನಂಬರ್ ಮಾತ್ರ ನಿಮ್ದೇ ಕೊಡಿ ಮಾರಾಯ್ರೆ, ಮುಂದೆ ಎಕ್ಸಾಮ್ ಫೀ, ಹಾಲ್ ಟಿಕೆಟ್, ರಿಸಲ್ಟ್ ಎಲ್ಲಾ ಮೂರು ವರ್ಷ ಇದೇ ಲಾಗಿನ್‌ಲಿ ನೋಡ್ಬೇಕಾಗತ್ತೆ, ಅಂಗಡಿಯವ್ನ ನಂಬರ್‌ಗೆ ಒಟಿಪಿ ಹೋದ್ರೆ ಆಮೇಲೆ ಅವ್ನನ್ನ ಹುಡುಕ್ಕೊಂಡು ತಿರುಗ್ಬೇಕು. ಸೀಟು ಮೆರಿಟ್ ಮತ್ತೆ ರೋಸ್ಟರ್ (ಮೀಸಲಾತಿ ಹಂಚಿಕೆ ಪಟ್ಟಿ) ಪ್ರಕಾರ. ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ 400ಕ್ಕೂ ಹೆಚ್ಚಿವೆ, ತಾಲ್ಲೂಕು ಕಡೆ ಪಾಸಾದೋರಿಗೆ ಸೀಟ್ ಸಿಗೋದು ಕಷ್ಟ ಏನಲ್ಲ. ಸ್ಪರ್ಧೆ ಇರೋದು ಮೈಸೂರಿನ ಯುವರಾಜ, ಮಹಾರಾಜ ಥರದ ಹಳೇ ಹೆಸರಿನ ಕಾಲೇಜಿಗೆ, ಮತ್ತೆ ಎಲ್ಲಾ ಕಡೆ ಬಿಸಿಎಗೆ.

ಕಾಂಬಿನೇಷನ್ ವಿಷ್ಯದಲ್ಲಿ ಮಾತ್ರ ಅವಸರ ಬೇಡ. ಪಿಯುಲಿ ಸೈನ್ಸ್ ಓದಿದೋರು ಬಿಎಗೋ ಬಿಕಾಂಗೋ ಹೋಗ್ಬಹುದು, ಆದ್ರೆ ಆರ್ಟ್ಸ್ ಓದಿ ಬಿಎಸ್ಸಿ ಫಿಸಿಕ್ಸ್ ಅಂದ್ರೆ ಆಗಲ್ಲ, ಆ ಸಬ್ಜೆಕ್ಟ್ ಪಿಯುಲಿ ಇರ್ಲೇಬೇಕು. ಬಿಸಿಎಗೆ ಯಾವ ಸಬ್ಜೆಕ್ಟ್ ಓದಿರ್ಬೇಕು ಅನ್ನೋದು ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ಬೇರೆ, ಅರ್ಜಿ ಹಾಕೋ ಮುಂಚೆ ಕಾಲೇಜಲ್ಲೇ ಕೇಳಿ. ಮುಂದೆ ಬಿಎಡ್ ಮಾಡಿ ಟೀಚರ್ ಆಗ್ಬೇಕು ಅನ್ನೋರು ಹೈಸ್ಕೂಲಲ್ಲಿ ಪಾಠ ಮಾಡೋ ಸಬ್ಜೆಕ್ಟ್ ಇರೋ ಕಾಂಬಿನೇಷನ್ನೇ ತಗೊಳ್ಳಿ. ಫ್ರೆಂಡ್ ತಗೊಂಡ ಅಂತ ನೀವೂ ತಗೊಂಡ್ರೆ ಮೂರು ವರ್ಷ ಆದ್ಮೇಲೆ ನೇಮಕಾತಿ ನೋಟಿಫಿಕೇಷನ್ ನೋಡ್ದಾಗ ತಲೆ ಚಚ್ಕೋಬೇಕಾಗತ್ತೆ. ಮೂರಾ ನಾಲ್ಕಾ ಅಂತ ಇನ್ನೂ ಕೇಳ್ತಾರೆ, 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ನಾಲ್ಕು ವರ್ಷದ ವ್ಯವಸ್ಥೆ ಬಂತು, 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೇ ತಂತು, ಅಷ್ಟೇ.

ಸಿಬಿಎಸ್ಇ, ಐಸಿಎಸ್ಇ, ಎನ್‌ಐಒಎಸ್ ಮಕ್ಕಳಿಗೂ ಇದೇ ದಾರಿ, ಆದ್ರೆ ಮೈಗ್ರೇಷನ್ ಸರ್ಟಿಫಿಕೇಟ್ ಮತ್ತೆ ಯೂನಿವರ್ಸಿಟಿಯ ಎಲಿಜಿಬಿಲಿಟಿ ಸರ್ಟಿಫಿಕೇಟ್ ಕೇಳ್ತಾರೆ.

ಕೆಸಿಇಟಿಗೆ ಬರೋಣ. ಒಂದೊಂದು ಸಬ್ಜೆಕ್ಟಿಗೆ 60 ಪ್ರಶ್ನೆ, 80 ನಿಮಿಷ, ನೆಗೆಟಿವ್ ಮಾರ್ಕ್ಸ್ ಇಲ್ಲ, ಹಾಗಾಗಿ ಯಾವ್ದನ್ನೂ ಖಾಲಿ ಬಿಡೋಹಾಗಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯು ಅರ್ಧ. ಪಿಯುಲಿ ಆ ಸಬ್ಜೆಕ್ಟ್‌ಗಳು ಸೇರಿ 45 ಪರ್ಸೆಂಟ್, ಎಸ್ಸಿ ಎಸ್ಟಿ ಒಬಿಸಿಗೆ 40 ಬೇಕು. ಅಗ್ರಿಗೆ ರೈತರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ ಬರೀಬೇಕು, ಜಮೀನಿನ ದಾಖಲೆ ಬೇರೆ ಕೊಡ್ಬೇಕು. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ ಕೃಷಿ ವಿವಿಗಳು, ಬಾಗಲಕೋಟೆ ತೋಟಗಾರಿಕೆ ವಿವಿ, ಬೀದರ್ ಪಶುವೈದ್ಯ ವಿವಿ, ಇವೆಲ್ಲಾ ಸರ್ಕಾರಿವೇ. ಇಂಜಿನಿಯರಿಂಗ್ ಗುಂಗಲ್ಲಿ ಇವನ್ನ ಆಪ್ಷನ್‌ಲಿ ಹಾಕೋದೇ ಮರೀಬೇಡಿ.

ಆಪ್ಷನ್ ಎಂಟ್ರಿ ಅನ್ನೋದು ರ‍್ಯಾಂಕಿನಷ್ಟೇ ಮುಖ್ಯ. ಕಂಪ್ಯೂಟರ್ ನಿಮ್ಮ ಪಟ್ಟಿನ ಮೇಲಿಂದ ನೋಡ್ತಾ ಬರತ್ತೆ, ನಿಮ್ಮ ರ‍್ಯಾಂಕಿಗೆ ಮೊದ್ಲು ಯಾವ್ದು ಸಿಗತ್ತೋ ಅದನ್ನ ಕೊಟ್ಟು ನಿಲ್ಲತ್ತೆ. ಅಂದ್ರೆ ಸಿಗಲ್ಲ ಅನ್ಸೋ ಕಾಲೇಜನ್ನ ಮೇಲೆ ಹಾಕಿದ್ರೆ ನಷ್ಟ ಏನೂ ಇಲ್ಲ, ಆದ್ರೆ ಸುಮ್ನೆ ಇರ್ಲಿ ಅಂತ ಬೇಡದ ಕಾಲೇಜನ್ನ ಮೇಲೆ ಹಾಕಿದ್ರೆ ಅದೇ ಗಂಟು ಬೀಳತ್ತೆ, ಕೆಳಗಿರೋ ಇಷ್ಟದ್ದನ್ನ ಅದು ನೋಡೋದೂ ಇಲ್ಲ. ಹಾಗಾಗಿ ನಿಜವಾಗ್ಲೂ ಬೇಕಾದ ಕ್ರಮದಲ್ಲಿ ಹಾಕಿ, ಉದ್ದಕ್ಕೆ ಹಾಕಿ, ಆದ್ರೆ ಸೇರಲ್ಲ ಅನ್ನೋದನ್ನ ಹಾಕ್ಲೇಬೇಡಿ. ಮಾಕ್ ಅಲಾಟ್‌ಮೆಂಟ್ ಬಂದಾಗ ಅದು ಸೀಟಲ್ಲ, ಅಂದಾಜು ಅಷ್ಟೇ, ಅದನ್ನ ನೋಡಿ ಕ್ರಮ ಬದಲಾಯಿಸೋಕೆ ಟೈಮ್ ಕೊಡ್ತಾರೆ. ನಿಜವಾದ ಸೀಟ್ ಬಂದ್ಮೇಲೆ ಚಾಯ್ಸ್ ಕೇಳ್ತಾರೆ. ಒಂದು ಅಂದ್ರೆ ಇದೇ ಸಾಕು, ಫೀ ಕಟ್ಟಿ ಸೇರ್ತೀನಿ. ಎರಡು ಅಂದ್ರೆ ಇದು ಇರ್ಲಿ, ಮೇಲಿನದ್ದು ಸಿಕ್ರೆ ಮುಂದಿನ ರೌಂಡಲ್ಲಿ ಕೊಡಿ. ಮೂರು ಅಂದ್ರೆ ಇದು ಬೇಡ, ಮುಂದಿನ ರೌಂಡಿಗೆ ಬರ್ತೀನಿ. ನಾಲ್ಕು ಅಂದ್ರೆ ಆಟದಿಂದ್ಲೇ ಹೊರಗೆ. ಮೂರು ಒತ್ತಿದ್ರೆ ಕೈಲಿರೋ ಸೀಟ್ ಹೋಯ್ತು ಅಂತ್ಲೇ ಲೆಕ್ಕ, ಡೌಟ್ ಇದ್ರೆ ಎರಡೇ ವಾಸಿ. ಎರಡರಲ್ಲಿ ಮೇಲಿನದ್ದು ಸಿಕ್ತು ಅಂದ್ರೆ ಹಳೇ ಸೀಟ್ ತಾನಾಗೇ ಹೋಗತ್ತೆ, ಆಮೇಲೆ ಹಳೇದೇ ಚೆನ್ನಾಗಿತ್ತು ಅಂದ್ರೆ ಕೇಳೋರಿಲ್ಲ.

ಡಿಪ್ಲೊಮಾ ಮಾಡಿರೋರು ಡಿಸಿಇಟಿ (ಡಿಪ್ಲೊಮಾದವ್ರ ಪ್ರವೇಶ ಪರೀಕ್ಷೆ) ಬರೆದು ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗ್ಬಹುದು. ಪಿಯುನೇ ಬೇಕು ಅಂತಿಲ್ಲ.

ಸಿಯುಇಟಿ 2022ರಿಂದ ಇದೆ, ಕನ್ನಡದಲ್ಲೂ ಬರೀಬಹುದು, ಇಲ್ಲಿ ಮಾತ್ರ ತಪ್ಪಿಗೆ ಮಾರ್ಕ್ಸ್ ಕಟ್ ಆಗತ್ತೆ. ಹೊರರಾಜ್ಯದ ಕೇಂದ್ರೀಯ ವಿವಿಗಳಿಗೂ ಇದೇ ಪರೀಕ್ಷೆ ಆಗೋದ್ರಿಂದ ದೂರ ಹೋಗೋ ಮನಸ್ಸಿರೋರು ಬಿಡ್ಬೇಡಿ. ಪರೀಕ್ಷೆ ಬರೆದ್ಮೇಲೆ ಆಯಾ ಯೂನಿವರ್ಸಿಟಿ ಪೋರ್ಟಲ್‌ಲಿ ಮತ್ತೆ ಬೇರೆ ಅರ್ಜಿ ಹಾಕ್ಬೇಕು, ಇದನ್ನ ಮರೆತು ಸ್ಕೋರ್ ಇಟ್ಕೊಂಡು ಕಾಯ್ತಾ ಕೂತ್ರೆ ಯಾರೂ ಕರೆಯಲ್ಲ.

ಪಿಯು ಫೇಲಾದ್ರೆ? 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಮುಂದಿನದ್ದು ಬರೆದು ಅದೇ ವರ್ಷ ಡಿಗ್ರಿ ಸೇರ್ಬಹುದು. ಪಾಸಾಗಿ ಮಾರ್ಕ್ಸ್ ಸಾಲ್ದು ಅನ್ನೋರೂ ಬರೀಬಹುದು, ಜಾಸ್ತಿ ಬಂದಿದ್ದೇ ಉಳಿಯತ್ತೆ.

ಮುಕ್ತ ವಿವಿ ಅಂದ್ರೆ ಮೂಗು ಮುರಿಯೋರಿದ್ದಾರೆ. ಮಧ್ಯೆ ಮಾನ್ಯತೆ ಗೊಂದಲ ಇದ್ದಿದ್ದು ನಿಜ, 2018ರಲ್ಲಿ ಯುಜಿಸಿ ಮಾನ್ಯತೆ ವಾಪಸ್ ಬಂತು, ಮಾನ್ಯತೆ ಇರೋ ಕೋರ್ಸಿನ ಡಿಗ್ರಿ ಸರ್ಕಾರಿ ಕೆಲಸಕ್ಕೂ ಪಿಜಿಗೂ ನಡೆಯತ್ತೆ. ವರ್ಷಕ್ಕೆ ಎರಡು ಸಲ, ಜುಲೈ ಮತ್ತೆ ಜನವರಿ ಆವೃತ್ತಿ ಅಂತ ಪ್ರವೇಶ ಇರತ್ತೆ. ಸೇರೋ ಮುಂಚೆ ಎಬಿಸಿ ಐಡಿ (ಕ್ರೆಡಿಟ್ ಕೂಡಿಡೋ ಖಾತೆ), ಯುಜಿಸಿಯ ಡೆಬ್ ಐಡಿ (ದೂರಶಿಕ್ಷಣದವ್ರ ಐಡಿ) ಎರಡೂ ಮಾಡ್ಕೊಳ್ಳಿ, ಉಚಿತ, ಆಧಾರ್ ಇದ್ರೆ ಮನೇಲೇ ಆಗತ್ತೆ.

ಕೊನೇದಾಗಿ ದುಡ್ಡು. ಅಡ್ಮಿಷನ್ ಆದ ತಕ್ಷಣ ಎಸ್‌ಎಸ್‌ಪಿ ಪೋರ್ಟಲ್‌ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಿ, ಹಾಸ್ಟೆಲ್‌ಗೆ ಎಸ್‌ಎಚ್‌ಪಿ ಅಂತ ಬೇರೆ ಪೋರ್ಟಲ್ ಇದೆ, ಹಾಸ್ಟೆಲ್ ಸಿಗ್ದೆ ಹೊರಗೆ ಇರೋರು ವಿದ್ಯಾಸಿರಿ (ಊಟ-ವಸತಿ ಸಹಾಯಧನದ ಯೋಜನೆ) ನೋಡಿ. ಸ್ಕಾಲರ್‌ಶಿಪ್ ದುಡ್ಡು ಬರೋದು ಆಧಾರ್ ಲಿಂಕ್ ಆಗಿರೋ ಖಾತೆಗೆ ಮಾತ್ರ, ಪಾಸ್‌ಬುಕ್ ಕೈಲಿದ್ರೆ ಸಾಲ್ದು, ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಬರೋಹಾಗೆ ಆಧಾರ್‌ನ ಖಾತೆಗೆ ಜೋಡಿಸೋದು) ಆಗಿದ್ಯಾ ಅಂತ ಕೇಳಿ ಮಾಡಿಸ್ಕೊಳ್ಳಿ. ಇನ್ನೊಂದು, ಟಿಸಿ ಒರಿಜಿನಲ್ ಕಾಲೇಜಿಗೆ ಕೊಡೋ ಮುಂಚೆ ನಾಲ್ಕೈದು ಜೆರಾಕ್ಸ್ ಮಾಡ್ಸಿ, ಫೋನಲ್ಲೂ ಒಂದು ಸ್ಕ್ಯಾನ್ ಇಟ್ಕೊಳ್ಳಿ, ಕೊಟ್ಟಿದ್ದಕ್ಕೆ ರಸೀದಿನೂ ಕೇಳಿ ತಗೊಳ್ಳಿ, ಯಾಕಂದ್ರೆ ಆಮೇಲೆ ಸಿಇಟಿ ಎರಡನೇ ರೌಂಡಲ್ಲಿ ಸೀಟ್ ಬಂದು ಕಾಲೇಜು ಬದಲಾಯಿಸ್ಬೇಕಾದ್ರೆ ಮೊದ್ಲು ಬೇಕಾಗೋದೇ ಅದು.