ಉರಿದು ಆರುವ ಟಾರ್ಚು: ಬೀಪ್ ಬಿಟ್ಟು ಮಿಲಿವೋಲ್ಟ್ ಹಿಡಿದ ನನ್ನ ಅನುಭವ

ಇದ್ದಕ್ಕಿದ್ದಂತೆ ಆರಿ, ತಟ್ಟಿದರೆ ಮತ್ತೆ ಉರಿಯುವ ಎಲ್‌ಇಡಿ ಟಾರ್ಚಿಗೆ ಮಲ್ಟಿಮೀಟರಿನ ಬೀಪ್ (ಎರಡು ತುದಿಗಳ ನಡುವೆ ಕರೆಂಟಿಗೆ ದಾರಿ ಇದೆ ಅಂತ ಹೇಳುವ ಸದ್ದು) ನೋಡಿ ರಿಪೇರಿ ಮಾಡಬೇಡಿ. ಟಾರ್ಚು ಉರಿಯುತ್ತಿರುವಾಗಲೇ ಒಂದೊಂದು ಜಾಯಿಂಟಿನಲ್ಲಿ ಎಷ್ಟು ಮಿಲಿವೋಲ್ಟ್ ಡ್ರಾಪ್ ಆಗುತ್ತಿದೆ, ಅಂದರೆ ದಾರಿಯಲ್ಲೇ ಎಷ್ಟು ವೋಲ್ಟೇಜ್ ಕಳೆದುಹೋಗುತ್ತಿದೆ ಅಂತ ನೋಡಿ. ಮೂಡಿಗೆರೆ ಕಡೆಯ ರಿಪೇರಿ ಗೆಳೆಯರಿಗೆ ಇದನ್ನು ಎರಡು ಮಳೆಗಾಲದಿಂದ ಹೇಳುತ್ತಲೇ ಇದ್ದೆ. "ಬೀಪ್ ಬರ್ತಿದೆಯಲ್ಲ ಮಾರಾಯ, ಸ್ವಿಚ್ ಸರಿ ಇದೆ, ಬೋರ್ಡೇ ಹೋಗಿದೆ" ಅನ್ನುವುದೊಂದೇ ಅವರ ಉತ್ತರ. ಈಗ ತಮ್ಮ ಕೈಯಲ್ಲಿ ಬಗೆಹರಿಯದ ಟಾರ್ಚುಗಳನ್ನು ಅವರೇ ನನ್ನ ಅಂಗಡಿಗೆ ಕಳಿಸುತ್ತಿದ್ದಾರೆ.

ನನ್ನ ಮೂಲ ಕೆಲಸ ಮೋಟರ್ ವೈಂಡಿಂಗ್. ಪಂಪ್ ತರುವ ತೋಟದವರೇ ಟಾರ್ಚನ್ನೂ ತರಲು ಶುರು ಮಾಡಿದರು. ರೊಬಸ್ಟಾ ಹೂವಿಗೆ ನೀರು ಕೊಡುವ ಫೆಬ್ರವರಿ, ಮಾರ್ಚ್‌ನಲ್ಲಿ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಜೆಟ್ ಬದಲಾಯಿಸುವ ಕೆಲಸ ಇರುತ್ತದೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಅಂದರೆ ಆನೆ ಓಡಾಡುವ ಜಾಗ. ಅಂಥಲ್ಲಿ ನಡುದಾರಿಯಲ್ಲಿ ಬೆಳಕು ಹೋದರೆ ಜೀವಕ್ಕೇ ಸಂಚಕಾರ. ಅದಕ್ಕೇ ಈ ಕೆಲಸವನ್ನು ನಾನು ಚಿಲ್ಲರೆ ಕೆಲಸ ಅಂತ ಎಣಿಸುವುದಿಲ್ಲ.

ಈ ದಾರಿ ಗಟ್ಟಿಯಾಗಿದ್ದು ಒಬ್ಬ ರೈಟರ್ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ತಂದ ಟಾರ್ಚಿನಿಂದ. ಒಂದೇ 18650 ಲಿಥಿಯಂ ಸೆಲ್ಲಿನದು, ಹಿಂದಿನ ಮುಚ್ಚಳದಲ್ಲಿ ಸ್ವಿಚ್ಚು. ಅವರ ಸಾಹುಕಾರ್ರು ಸುಮಾರು 2,500 ಕೊಟ್ಟು ತಂದಿದ್ದರು. ಒಂದು ಕಡೆ ಬೋರ್ಡ್ ಬದಲಾಯಿಸಿ 400ರ ಹತ್ತಿರ ತೆಗೆದುಕೊಂಡರು. ಇನ್ನೊಂದು ಕಡೆ ಸೆಲ್ ಬದಲಾಯಿಸಿದರು, ಅದಕ್ಕೆ 300 ಚಿಲ್ಲರೆ. ಆದರೂ ಬೈಕಿನಲ್ಲಿ ಹಳ್ಳ ದಾಟಿದರೆ ಆರುತ್ತಿತ್ತು. ಹಣ ಹೋಗಿದ್ದಕ್ಕಿಂತ, ರಿಪೇರಿಯವರ ಮೇಲಿನ ನಂಬಿಕೆಯೇ ಹೋಗಿತ್ತು.

ಬಿಚ್ಚುವ ಮೊದಲು ನಾನು ಒಂದು ವಿಷಯ ಗಮನಿಸುತ್ತೇನೆ. ಆರಿ ಹತ್ತಿದಾಗ ಮೋಡ್ (ಬೆಳಕಿನ ಹೈ, ಲೋ ಮಟ್ಟ) ಬದಲಾಗುತ್ತದೆಯೇ? ಹೈನಲ್ಲಿ ಇದ್ದದ್ದು ಲೋಗೆ ಹಾರಿದರೆ, ಡ್ರೈವರ್‌ಗೆ (ತಲೆಯೊಳಗೆ ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡುವ ಬೋರ್ಡಿಗೆ) ಕರೆಂಟ್ ಬರುವ ದಾರಿಯಲ್ಲೇ ಕಡಿತ ಇದೆ. ಮೋಡ್ ಬದಲಾಯಿಸಲು ಸ್ವಿಚ್ಚನ್ನು ಅರ್ಧ ಒತ್ತಿದಂತೆಯೇ ಡ್ರೈವರ್‌ಗೆ ಅನ್ನಿಸುತ್ತದೆ. ಅದೇ ಮೋಡ್‌ನಲ್ಲಿ ಪಟಪಟ ಮಿನುಗಿದರೆ ಡ್ರೈವರ್ ದಾಟಿದ ಮೇಲೆ, ಎಲ್‌ಇಡಿ ತಂತಿಯ ಬೆಸುಗೆಯ ಮೇಲೆ ಅನುಮಾನ. ಪೂರ್ತಿ ಆರಿ, ತಟ್ಟಿದರೂ ಬರದೆ, ಚಾರ್ಜರ್‌ಗೆ ಹಾಕಿ ತೆಗೆದ ಮೇಲೆ ಬಂದರೆ ಸೆಲ್ಲಿನೊಳಗಿನ ಪ್ರೊಟೆಕ್ಷನ್ (ಸೆಲ್ಲನ್ನು ಕಾಯುವ ಪುಟ್ಟ ಸರ್ಕ್ಯೂಟ್) ಕಟ್ ಮಾಡಿದೆ ಎಂದು ಲೆಕ್ಕ. ಎಲ್ಲ ಟಾರ್ಚಿಗೂ ಇದು ಹೊಂದುವುದಿಲ್ಲ, ಆದರೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ರೈಟರ್ ಟಾರ್ಚು ಮೋಡ್ ಬದಲಾಯಿಸುತ್ತಿತ್ತು.

ಹಿಂದಿನ ಮುಚ್ಚಳ ತೆಗೆದು ಮೀಟರನ್ನು 10 ಆಂಪಿಯರ್ ಸಾಕೆಟ್‌ಗೆ ಹಾಕಿ, ಸೆಲ್ಲಿನ ಮೈನಸ್ಸಿಗೂ ಕೊಳವೆಯ ಬಣ್ಣವಿಲ್ಲದ ಅಂಚಿಗೂ ಸೇರಿಸಿದೆ. ಮೀಟರ್ ಜೊತೆ ಬರುವ ಸಪೂರ ವೈರ್ ಇದಕ್ಕೆ ಆಗುವುದಿಲ್ಲ. ಅದೇ ವೋಲ್ಟೇಜ್ ತಿಂದು ಬೆಳಕು ಮಂಕಾಗುತ್ತದೆ. ನಾನು ಮನೆ ವೈರಿಂಗಿನ 2.5 ಸ್ಕ್ವೇರ್ ಎಂಎಂ ತಂತಿಯಲ್ಲಿ ಗಿಡ್ಡ ಲೀಡ್ ಮಾಡಿಟ್ಟಿದ್ದೇನೆ. 1.8 ಆಂಪಿಯರ್ ಆಸುಪಾಸು ತೋರಿಸಿತು. ಸ್ಕ್ರೂಡ್ರೈವರ್ ಹಿಡಿಯಿಂದ ತಲೆಯ ಭಾಗಕ್ಕೆ ಎಷ್ಟು ಬಡಿದರೂ ಅಲುಗಲಿಲ್ಲ. ಅಂದರೆ ತಲೆ ಸರಿ ಇದೆ. ಮೊದಲ ಅಂಗಡಿಯವರು ಬದಲಾಯಿಸಿದ ಬೋರ್ಡಿಗೆ ಏನೂ ಆಗಿರಲೇ ಇಲ್ಲ.

ಆಮೇಲೆ ಮುಚ್ಚಳವನ್ನು ಟೇಬಲ್ ಮೇಲೆ ಬಿಡಿಯಾಗಿ ಇಟ್ಟೆ. ಸೆಲ್ಲಿನ ಮೈನಸ್ಸಿನಿಂದ ಸ್ಪ್ರಿಂಗಿಗೆ ಒಂದು ತಂತಿ. ಮುಚ್ಚಳದ ಒಳಗಿನ ಬಣ್ಣವಿಲ್ಲದ ಥ್ರೆಡ್ಡಿನಿಂದ ಕೊಳವೆಗೆ ಇನ್ನೊಂದು. ತಂತಿ ಸೆಲ್ಲಿಗೆ ಅಂಟಿಕೊಳ್ಳಲು ಹಳೇ ಇಯರ್‌ಫೋನಿನ ಪುಟ್ಟ ಆಯಸ್ಕಾಂತ ಸಾಕು. ಸ್ವಿಚ್ ಹಾಕಿ, ಸ್ಪ್ರಿಂಗಿಗೂ ಥ್ರೆಡ್ಡಿಗೂ ಮೀಟರ್ ಹಿಡಿದು ಮಿಲಿವೋಲ್ಟ್ ಓದಿದೆ. ಒಳ್ಳೆ ಮುಚ್ಚಳದಲ್ಲಿ 40, 50 ಬರುತ್ತದೆ. ಇದರಲ್ಲಿ 400ರ ಹತ್ತಿರ. ಬೆರಳಲ್ಲಿ ರಬ್ಬರ್ ಬಟನ್ ಅಲುಗಿಸಿದರೆ ಒಂದು ವೋಲ್ಟ್ ದಾಟುತ್ತಿತ್ತು!

ಲೆಕ್ಕ ನೋಡಿ. 1.8 ಆಂಪಿಯರ್‌ಗೆ 400 ಮಿಲಿವೋಲ್ಟ್ ಅಂದರೆ ಕಾಲು ಓಮ್ ಕೂಡ ಇಲ್ಲ. ಬೀಪ್ ಹತ್ತಿಪ್ಪತ್ತು ಓಮ್ ಇದ್ದರೂ ಹೊಡೆಯುತ್ತದೆ. 200 ಓಮ್ ರೇಂಜಿಗೆ ಹಾಕಿದರೂ ಮೀಟರ್ ವೈರ್ ಒಂದೇ ಅಷ್ಟು ತೋರಿಸುತ್ತದೆ. ಜೊತೆಗೆ ಮೀಟರ್ ಕಳಿಸುವ ಕರೆಂಟ್ ತೀರಾ ಕಡಿಮೆ. ಟಾರ್ಚು ಕೇಳುವುದು ಅದರ ಸಾವಿರ ಪಟ್ಟು, ಇನ್ನೂ ಜಾಸ್ತಿ. ತುಂಬಿದಾಗ 4.2 ವೋಲ್ಟ್ ಇರುವ ಸೆಲ್ಲು 3.6ಕ್ಕೆ ಇಳಿದ ಮೇಲೆ ಒಂದು ವೋಲ್ಟ್ ದಾರಿಯಲ್ಲೇ ಹೋದರೆ ಡ್ರೈವರ್‌ಗೆ ಉಳಿಯುವುದೇನು? ಅದಕ್ಕೇ ಹೊಸ ಸೆಲ್ ಹಾಕಿದ ದಿನ ಸರಿ ಇದ್ದು, ವಾರದಲ್ಲಿ ಮತ್ತೆ ಕೈಕೊಡುತ್ತದೆ.

ಮುಚ್ಚಳದೊಳಗೆ ಸ್ವಿಚ್ಚನ್ನು ಒತ್ತಿ ಹಿಡಿಯುವ ಎರಡು ತೂತಿನ ರಿಂಗ್ ಸಡಿಲವಾಗಿತ್ತು. ಅದರ ಕೆಳಗೆ ಬಿಳಿ ಪುಡಿ. ನಮ್ಮ ಮಲೆನಾಡಿನ ಥಂಡಿಯಲ್ಲಿ ಅಲ್ಯೂಮಿನಿಯಂ ಹೀಗೇ ಆಗುತ್ತದೆ, ಆ ಪುಡಿ ಕರೆಂಟ್ ಬಿಡುವುದಿಲ್ಲ. ಸುಮ್ನೆ ರಿಂಗ್ ಬಿಗಿ ಮಾಡಿ ಕೊಟ್ಟರೆ ಒಂದು ತಿಂಗಳು ಬರುತ್ತದೆ ಅಷ್ಟೇ. ರಿಂಗ್ ಪೂರ್ತಿ ಬಿಚ್ಚಿ, ನೈಸ್ ಎಮರಿ ಪೇಪರ್ ಆಡಿಸಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಬೇಕು. ಅದಾದ ಮೇಲೆ ನಾನು ಇನ್ನೊಂದು ಹಚ್ಚುತ್ತೇನೆ. ಅದರ ಹೆಸರು ಇಲ್ಲಿ ಹೇಳುವುದಿಲ್ಲ, ವೈಂಡಿಂಗ್ ಅಂಗಡಿಯವರ ಕಪಾಟಿನಲ್ಲಿ ಸಿಗುವುದೇ. ನೋಸ್ ಪ್ಲೈಯರಿನ ತುದಿಯನ್ನು ತೂತಿಗೆ ಕೂರುವಂತೆ ಉಜ್ಜಿಕೊಂಡಿದ್ದೇನೆ. ಇಲ್ಲದಿದ್ದರೆ ಜಾರಿ ಸ್ವಿಚ್ ಬೋರ್ಡ್ ಗೀರಿಹೋಗುತ್ತದೆ. ಕೊನೆಗೆ ಡ್ರಾಪ್ 45ಕ್ಕೆ ಬಂತು. ಒಂದು ಮಳೆಗಾಲ ಪೂರ್ತಿ ದಾಟಿದೆ, ರೈಟರ್ ಮತ್ತೆ ಬಂದಿಲ್ಲ. ಅವರ ಅಕ್ಕಪಕ್ಕದ ತೋಟದವರು ಬಂದರು!

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ರಿಂಗಿನ ಕೆಳಗೆ ತಾಮ್ರದ ವಾಷರ್ ಕೂರಿಸಿದರೆ ಮೊದಲು ಅದ್ಭುತ, ಡ್ರಾಪ್ 30ಕ್ಕೆ ಇಳಿಯಿತು. ಜುಲೈ ಹೊತ್ತಿಗೆ ತಾಮ್ರ, ಅಲ್ಯೂಮಿನಿಯಂ ಎರಡೂ ಸೇರಿದ ಜಾಗದಲ್ಲಿ ಮೊದಲಿಗಿಂತ ಜಾಸ್ತಿ ಬಿಳಿ ಪುಡಿ. ಒದ್ದೆಯಲ್ಲಿ ಆ ಎರಡು ಲೋಹ ಕೂಡಿ ಬಾಳುವುದಿಲ್ಲ. ಥ್ರೆಡ್ಡಿಗೆ ಪೆನ್ಸಿಲ್ ಸೀಸ ಉಜ್ಜುವುದನ್ನು ಯಾರೋ ಹೇಳಿದರು, ಏನೂ ಪ್ರಯೋಜನ ಆಗಲಿಲ್ಲ. ಸ್ಪ್ರಿಂಗಿನ ಒಳಗೆ ಮೆತ್ತನೆಯ ಸಿಲಿಕೋನ್ ತಂತಿ ಬೆಸೆದು ಬೈಪಾಸ್ ಮಾಡಿದ್ದು ಮಾತ್ರ ನಿಂತಿದೆ. ಉಕ್ಕಿನ ಸ್ಪ್ರಿಂಗ್ ತಾನೇ ಸುಮಾರು ಡ್ರಾಪ್ ಮಾಡುತ್ತದೆ, ಬಿಸಿಯಾದರೆ ಕುಗ್ಗಿ ಸೆಲ್ಲನ್ನು ಸರಿಯಾಗಿ ತಳ್ಳುವುದಿಲ್ಲ. ಹೆಣೆದ ತಾಮ್ರದ ಪಟ್ಟಿ ಹಾಕಬೇಡಿ. ಬೆಸುಗೆ ಅದರೊಳಗೆ ಏರಿ ಗಟ್ಟಿಯಾಗಿ, ಆಮೇಲೆ ಮುರಿಯುತ್ತದೆ.

ಸೆಲ್ಲಿನ ಉದ್ದವನ್ನೂ ನೋಡಿ. ಹೆಸರು 18650 ಅಂದರೆ 18 ಮಿಲಿಮೀಟರ್ ದಪ್ಪ, 65 ಉದ್ದ. ಪ್ರೊಟೆಕ್ಷನ್ ಇರುವುದು 69ರ ತನಕ ಬರುತ್ತದೆ. ಹಳೇ ಲ್ಯಾಪ್‌ಟಾಪಿನಿಂದ ತೆಗೆದ ಚಪ್ಪಟೆ ತಲೆಯ ಸೆಲ್ ಹಾಕಿದರೆ ಬೈಕ್ ಕುಲುಕಿಗೆ ಬಿಟ್ಟು ಬಿಟ್ಟು ತಾಗುತ್ತದೆ. ಅಂಥದ್ದು ಬಂದರೆ ನಾನು ಹಣ ತೆಗೆದುಕೊಳ್ಳುವುದಿಲ್ಲ, ಸೆಲ್ ಬದಲಾಯಿಸಿ ಅಂತ ಹೇಳಿ ಕಳಿಸುತ್ತೇನೆ.

ಮುಚ್ಚಳದ ಕೆಲಸಕ್ಕೆ 150, ಹೊಸ ಸ್ವಿಚ್ ಹಾಕಿದರೆ ಇನ್ನೊಂದು 20. ಸ್ವಿಚ್ಚನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಒಟ್ಟಿಗೆ ತರಿಸುತ್ತೇನೆ. ಮೀಟರ್‌ಗೆ ಹಾಕಿದ 450 ಎಂದೋ ವಾಪಸ್ ಬಂದಿದೆ. ತಟ್ಟಿದಾಗ ಆಂಪಿಯರ್ ಅಲುಗಿದರೆ ಮಾತ್ರ ತಲೆ ಬಿಚ್ಚುತ್ತೇನೆ. ಸಾಮಾನ್ಯವಾಗಿ ಡ್ರೈವರ್ ಅಂಚಿನ ಗ್ರೌಂಡ್ ಬೆಸುಗೆ ಕೂದಲೆಳೆಯಷ್ಟು ಸೀಳಿರುತ್ತದೆ, ಅದನ್ನು ಭೂತಗನ್ನಡಿಯಲ್ಲೇ ನೋಡಬೇಕು. ಅಂಟು ಹಾಕಿ ಮುಚ್ಚಿದ ತಲೆಯಾದರೆ ಬಿಚ್ಚಲು ನನ್ನದೇ ಒಂದು ಉಪಾಯ ಇದೆ. ಅದಕ್ಕೆ 300 ಆಗುತ್ತದೆ, ಗಾಜು ಒಡೆದರೆ ಜವಾಬ್ದಾರಿ ನನ್ನದು.