ಬೇರೆಯವರ ಮನೆ, ಸಿಗರೇಟ್ ವಾಸನೆ: ಮನೆ ನೋಡಿಕೊಳ್ಳುವವರು ಏನು ಮಾಡಬೇಕು?

ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಮೊಮ್ಮಗು ಹುಟ್ಟಿತು ಅಂತ ಅಪ್ಪ ಅಮ್ಮ ತಿಂಗಳುಗಟ್ಟಲೆ ಹೊರಟುಬಿಡುತ್ತಾರೆ. ವಿದ್ಯಾನಗರದಲ್ಲೋ ಎಂಸಿಸಿ ಬಿ ಬ್ಲಾಕ್‌ನಲ್ಲೋ ಇರುವ ಮನೆಯಲ್ಲಿ ಸಂಜೆ ದೀಪ ಹಚ್ಚೋಕೆ, ತುಳಸಿಗೆ ನೀರು ಹಾಕೋಕೆ, ನಾಯಿಗೆ ಊಟ ಇಡೋಕೆ ಒಬ್ಬರು ಬೇಕು. ಗುರುತಿನವರ ಮಗ, ಕಾಲೇಜಿಗೆ ಬಂದ ಹುಡುಗಿಯರು, ರಿಟೈರ್ ಆದ ದಂಪತಿ, ಹೀಗೆ ಯಾರೋ ಬಂದು ಉಳಿಯುತ್ತಾರೆ. ದಾವಣಗೆರೆಯಲ್ಲಿ ಇದು ಈಗ ಮಾಮೂಲಿ ಏರ್ಪಾಡು.

ಬೀಗ ತೆಗೆದು ಒಳಗೆ ಹೋದ ತಕ್ಷಣ ಗಪ್ ಅಂತ ಹಳೇ ಸಿಗರೇಟ್ ವಾಸನೆ ಹೊಡೆದರೆ ಏನು ಮಾಡೋದು? ಮನೆ ನಿಮ್ಮದಲ್ಲ, ಗೋಡೆ ನಿಮ್ಮದಲ್ಲ, ಆದರೆ ಮೂರು ತಿಂಗಳು ಉಸಿರಾಡುವವರು ನೀವೇ. ಸುಮ್ನೆ ಸಹಿಸಿಕೊಂಡು ಇರಬೇಡಿ. ಹಾಗಂತ ಕೇಳದೆ ಎಲ್ಲ ತೊಳೆಯೋಕೂ ಹೋಗಬೇಡಿ.

ಒಂದು ವಿಷಯ ಮೊದಲೇ ಗೊತ್ತಿರಲಿ. ಈ ವಾಸನೆ ಗಾಳಿಯಲ್ಲಿ ಮಾತ್ರ ಇರುವುದಿಲ್ಲ, ವಸ್ತುಗಳಲ್ಲಿ ಕೂತಿರುತ್ತದೆ. ಹೊಗೆಯಲ್ಲಿರುವ ನಿಕೋಟಿನ್ ಮತ್ತು ಟಾರು ಗೋಡೆ, ಪರದೆ, ಹಾಸಿಗೆ, ಧೂಳು ಎಲ್ಲಕ್ಕೂ ಅಂಟಿಕೊಂಡು ಆಮೇಲೆ ನಿಧಾನವಾಗಿ ಮತ್ತೆ ಗಾಳಿಗೆ ಬಿಡುತ್ತಿರುತ್ತವೆ. ಅದಕ್ಕೇ ಕಿಟಕಿ ತೆಗೆದಾಗ ವಾಸನೆ ಹೋಗುತ್ತದೆ, ಮುಚ್ಚಿದ ಮೇಲೆ ವಾಪಸ್ ಬರುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೇದುವವರು ಖಾಲಿ ಮಾಡಿ ಹೋಗಿ ಸುಮಾರು ಎರಡು ತಿಂಗಳು ಬೀಗ ಹಾಕಿದ್ದ, ಆಮೇಲೆ ಸ್ವಚ್ಛ ಮಾಡಿ ಬೇರೆಯವರಿಗೆ ಕೊಟ್ಟ ಮನೆಗಳಲ್ಲೂ ನಿಕೋಟಿನ್ ಸಿಕ್ಕಿತ್ತು. ಹೀಗೆ ಅಂಟಿ ಉಳಿದ ನಿಕೋಟಿನ್ ಮನೆಯೊಳಗಿನ ನೈಟ್ರಸ್ ಆಮ್ಲದ ಜೊತೆ ಸೇರಿ ಕ್ಯಾನ್ಸರ್ ತರಬಲ್ಲ ಹೊಸ ವಸ್ತುಗಳಾಗುತ್ತವೆ ಅಂತ 2010ರಲ್ಲಿ ಬರ್ಕ್ಲಿ ಪ್ರಯೋಗಾಲಯದವರು ತೋರಿಸಿದರು. ಆ ಆಮ್ಲ ಗ್ಯಾಸ್ ಒಲೆ ಉರಿಯುವಾಗಲೂ ಹುಟ್ಟುತ್ತದೆ. ಬೀಡಿ ಹೊಗೆಯೂ ಅಷ್ಟೇ, ಸಿಗರೇಟಿಗಿಂತ ಸಾಧು ಏನಲ್ಲ.

ಕೀ ಇಸ್ಕೊಳ್ಳೋಕೆ ಮುಂಚೆ

ಮನೆ ಒಪ್ಪಿಕೊಳ್ಳುವ ಮೊದಲೇ ಕೇಳಿ. ದೊಡ್ಡವರನ್ನು ಇದೆಲ್ಲ ಕೇಳೋದು ಹೇಗೆ ಅನ್ನೋ ಮುಜುಗರ ನಮ್ಮ ಕಡೆ ಇದ್ದೇ ಇರುತ್ತದೆ. ಆದರೆ ಮರ್ಯಾದೆಯಿಂದ ಕೇಳಿದರೆ ಬೇಜಾರು ಮಾಡಿಕೊಳ್ಳುವವರು ಕಡಿಮೆ. ಹೀಗೆ ಕೇಳಬಹುದು: "ಅಂಕಲ್, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ್ರಿ. ಮನೆ ಒಳಗೆ ಯಾರಾದ್ರೂ ಸಿಗರೇಟ್ ಸೇದ್ತಾರೇನ್ರಿ? ನಮ್ ಪಾಪುಗೆ ಕೆಮ್ಮು ಜಾಸ್ತಿ, ಅದಕ್ಕೇ ಕೇಳಿದೆ."

"ಇಲ್ಲಪ್ಪ, ಹೊರಗಡೆ ಸೇದ್ತೀನಿ" ಅಂದರೆ ಅಲ್ಲಿಗೇ ನಿಲ್ಲಿಸಬೇಡಿ. ಹೊರಗಡೆ ಅಂದರೆ ಬಾಲ್ಕನಿಯೋ, ಟೆರೇಸೋ, ಬಾತ್‌ರೂಮೋ? ಬಾಗಿಲು ತೆರೆದಿಟ್ಟ ಬಾಲ್ಕನಿಯಲ್ಲಿ ಸೇದಿದರೆ ಹೊಗೆ ಹಾಲ್‌ಗೇ ಬರುತ್ತದೆ. ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ: ಅವರು ಊರಲ್ಲಿ ಇಲ್ಲದಾಗ ಮನೆಗೆ ಯಾರು ಬಂದು ಹೋಗುತ್ತಾರೆ? ಶನಿವಾರ ಬೆಂಗಳೂರಿಂದ ಬರುವ ಮಗ, ಡ್ರೈವರ್, ತೋಟದ ಲೆಕ್ಕ ಹೇಳೋಕೆ ಬರುವವರು. ಇವರಲ್ಲಿ ಯಾರಾದರೂ ಒಳಗೆ ಕೂತು ಸೇದಿದರೆ ನಿಮ್ಮ ಶ್ರಮವೆಲ್ಲ ನೀರಿನಲ್ಲಿ ಹೋಮ.

ಸಾಧ್ಯವಾದರೆ ಹೋಗಿ ನೋಡಿ ಬನ್ನಿ. ಕಿಟಕಿ ಮುಚ್ಚಿರುವಾಗ ನೋಡುವುದು ಒಳ್ಳೆಯದು, ಅತಿಥಿ ಬರ್ತಾರೆ ಅಂತ ಎಲ್ಲ ತೆರೆದಿಟ್ಟಾಗ ನಿಜ ಗೊತ್ತಾಗಲ್ಲ. ಮೂಗು ಸ್ವಲ್ಪ ಹೊತ್ತಿಗೇ ಒಗ್ಗಿಹೋಗುತ್ತದೆ, ಹಾಗಾಗಿ ಒಳಗೆ ಸ್ವಲ್ಪ ಹೊತ್ತು ಇದ್ದು, ಗೇಟಿನ ತನಕ ಹೋಗಿ, ಮತ್ತೆ ಒಳಗೆ ಬನ್ನಿ. ಎರಡನೇ ಸಲ ಮೂಗಿಗೆ ಬಂದದ್ದೇ ಸರಿಯಾದ ಲೆಕ್ಕ.

ಕಣ್ಣಿಗೂ ಕಾಣುತ್ತದೆ. ಫ್ಯಾನಿನ ರೆಕ್ಕೆ ನೋಡಿ. ನಮ್ಮೂರಿನ ಸಾಧಾರಣ ಧೂಳು ಒಣಗಿರುತ್ತದೆ, ಊದಿದರೆ ಹಾರುತ್ತದೆ. ಸೇದುವವರ ಮನೆಯ ಧೂಳು ಜಿಗುಟು, ಕಂದು ಬಣ್ಣ, ಬೆರಳಿಗೆ ಅಂಟಿಕೊಂಡು ಬರುತ್ತದೆ. ಅಡುಗೆಮನೆ ಫ್ಯಾನು ಒಗ್ಗರಣೆ ಎಣ್ಣೆಯಿಂದಲೂ ಜಿಗುಟಾಗುತ್ತದೆ, ಅದಕ್ಕೇ ಹಾಲ್ ಮತ್ತು ಬೆಡ್‌ರೂಮಿನ ಫ್ಯಾನು ನೋಡಬೇಕು. ಗೋಡೆಯ ಒಂದು ಫೋಟೊವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ: ಫೋಟೊ ಹಿಂದಿನ ಗೋಡೆ ಬೆಳ್ಳಗೆ, ಸುತ್ತಲಿನ ಗೋಡೆ ಹಳದಿ ಇದ್ದರೆ ವರ್ಷಗಟ್ಟಲೆ ಹೊಗೆ ಕುಡಿದ ಗೋಡೆ ಅದು. ಇನ್ನೂ ಅನುಮಾನ ಇದ್ದರೆ ಒದ್ದೆ ಬಿಳಿ ಹತ್ತಿಯಿಂದ ಕಿಟಕಿ ಗಾಜಿನ ಮೂಲೆ ಒರೆಸಿ ನೋಡಿ, ಟೀ ಬಣ್ಣ ಬರುತ್ತದೆ.

ಬೇಡ ಅನ್ನಬೇಕಾದವರೂ ಇದ್ದಾರೆ. ಮನೆಯಲ್ಲಿ ಬಸುರಿ ಇದ್ದರೆ, ಅಸ್ತಮಾ ಇರುವವರಿದ್ದರೆ, ಅಂಬೆಗಾಲಿಡುವ ಮಗು ಇದ್ದರೆ ಇಂಥ ಮನೆ ಒಪ್ಪಿಕೊಳ್ಳಬೇಡಿ. ಮಗು ನೆಲದಲ್ಲಿ ಓಡಾಡಿ ಅದೇ ಕೈ ಬಾಯಿಗಿಡುತ್ತದೆ. ಬಾಡಿಗೆ ಉಳಿಯುತ್ತೆ ಅನ್ನೋ ಲೆಕ್ಕ ಇಲ್ಲಿ ಹಾಕೋದು ಸರಿಯಲ್ಲ.

ಒಪ್ಪಿಗೆ ತಗೊಳ್ಳಿ

ಒಳಗೆ ಹೋದ ಮೇಲೆ ಮೊದಲ ಕೆಲಸ ಫೋಟೊ ತೆಗೆಯೋದು. ಗೋಡೆ, ಪರದೆ, ಸೋಫಾ ಹೇಗಿದ್ದವು ಅಂತ ಮೊಬೈಲಿನಲ್ಲಿ ಇರಲಿ. ನಾಳೆ "ಈ ಕಲೆ ಮುಂಚೆ ಇರ್ಲಿಲ್ವಲ್ಲ" ಅನ್ನೋ ಮಾತು ಬರಬಾರದು. ಆಮೇಲೆ ಮನೆಯವರಿಗೆ ಒಂದು ವಾಟ್ಸಾಪ್ ಮೆಸೇಜ್. ದೂರಿನ ಥರ ಬೇಡ, ಕೆಲಸ ಹೇಳುವ ಥರ ಇರಲಿ: "ನಮಸ್ಕಾರ ಆಂಟಿ. ಮನೆ ಚೆನ್ನಾಗಿದೆ, ಗಿಡಕ್ಕೆ ನೀರು ಹಾಕಿದೆ. ಹಾಲ್‌ನಲ್ಲಿ ಸಿಗರೇಟ್ ವಾಸನೆ ಸ್ವಲ್ಪ ಜಾಸ್ತಿ ಇದೆ. ಕರ್ಟನ್, ಸೋಫಾ ಕವರ್ ಒಗೀಲಾ? ಫ್ಯಾನು, ಕಿಟಕಿ ಒರೆಸ್ತೀನಿ. ಗೋಡೆ ಮುಟ್ಟಲ್ಲ. ನೀವು ಹೂಂ ಅಂದ್ರೆ ನಾಳೆ ಶುರು ಮಾಡ್ತೀನಿ." ಉತ್ತರ ಬರುವ ತನಕ ಕಿಟಕಿ ತೆರೆಯಿರಿ, ನೆಲ ಒರೆಸಿ, ಅಷ್ಟೇ. ಬೀರು ಮಾತ್ರ ಯಾವತ್ತೂ ತೆರೆಯಬೇಡಿ. ಒಳಗಿನ ಮೊಳಕಾಲ್ಮೂರು ಸೀರೆಗೆ ವಾಸನೆ ಹಿಡಿದಿದ್ದರೂ ಅದು ನಿಮ್ಮ ಕೆಲಸವಲ್ಲ.

ಈಗ ಕೆಲಸಕ್ಕೆ ಇಳಿಯೋಣ

ವಾಸನೆಯ ಮೂಲ ಮೊದಲು ಹೊರಗೆ ಹೋಗಬೇಕು. ಆಶ್‌ಟ್ರೇ, ಕಸದ ಡಬ್ಬಿ, ಬಾಲ್ಕನಿಯ ಹೂಕುಂಡದ ಮಣ್ಣಿನಲ್ಲಿ ಚುಚ್ಚಿಟ್ಟ ತುಂಡುಗಳು, ಟೆರೇಸಿನ ನೀರು ಹೋಗುವ ಪೈಪಿನ ಬಾಯಲ್ಲಿ ಸಿಕ್ಕಿಕೊಂಡ ಫಿಲ್ಟರ್‌ಗಳು, ಎಲ್ಲ ಕವರಿಗೆ ಹಾಕಿ ಗಂಟು ಕಟ್ಟಿ ಹೊರಗೆ ಸಾಗಿಸಿ. ಆಶ್‌ಟ್ರೇ ಎಸೆಯಬೇಡಿ, ತೊಳೆದು ಎತ್ತಿಡಿ.

ಆಮೇಲೆ ಗಾಳಿ. ದಾವಣಗೆರೆಯ ಬೇಸಿಗೆಯಲ್ಲಿ ಮಧ್ಯಾಹ್ನ ಕಿಟಕಿ ತೆರೆದರೆ ಬಿಸಿಗಾಳಿ ಮತ್ತು ಧೂಳು ಎರಡೂ ಒಳಗೆ. ಬೆಳಗಿನ ಜಾವ ಎದ್ದು ಎಂಟು ಗಂಟೆ ತನಕ, ಮತ್ತೆ ಸಂಜೆ ಬಿಸಿಲು ಇಳಿದ ಮೇಲೆ ತೆರೆಯಿರಿ. ಎದುರುಬದುರು ಕಿಟಕಿ ತೆರೆದರೆ ಮಾತ್ರ ಗಾಳಿ ಹರಿಯುತ್ತದೆ. ಒಂದು ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಗಡೆಗೆ ಮುಖ ಮಾಡಿ ಇಟ್ಟರೆ ಒಳಗಿನ ಗಾಳಿಯನ್ನು ಅದು ಹೊರಗೆ ತಳ್ಳುತ್ತದೆ. ಚಿತ್ರದುರ್ಗದ ಕಡೆ ಮನೆ ನೋಡಿಕೊಳ್ಳುವವರಿಗೆ ಇದು ಇನ್ನೂ ಸುಲಭ, ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರ ತಿರುಗಿಸುವ ಗಾಳಿ ಅಲ್ಲಿದೆ. ಸೊಳ್ಳೆ ಜಾಲರಿ ಮರೆಯಬೇಡಿ. ಹೊಗೆಯೆಲ್ಲ ಅದರ ಮೂಲಕವೇ ಹೋಗಿರುತ್ತದೆ, ಬಿಚ್ಚಲು ಬಂದರೆ ಸೋಪಿನ ನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ, ಬಂದ ನೀರಿನ ಬಣ್ಣ ನೋಡಿದರೆ ನಿಮಗೇ ಅರ್ಥವಾಗುತ್ತದೆ.

ಮೂರನೆಯದು ಬಟ್ಟೆ. ವಾಸನೆಯ ದೊಡ್ಡ ಪಾಲು ಇಲ್ಲೇ ಇರುತ್ತದೆ, ಹಾಗಾಗಿ ಸಮಯವೂ ಇಲ್ಲೇ ಜಾಸ್ತಿ ಹೋಗಬೇಕು. ನಲ್ಲಿ ನೀರು ಬರುವ ದಿನ ನೋಡಿಕೊಂಡು ಪರದೆಗಳನ್ನು ಇಳಿಸಿ. ಕಾಟನ್ ಪರದೆಯಾದರೆ ಸೋಪಿನ ಪುಡಿ ಜೊತೆ ಅರ್ಧ ಬಟ್ಟಲು ಅಡುಗೆ ಸೋಡಾ ಹಾಕಿ ನೆನೆಸಿ ಒಗೆಯಿರಿ. ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ. ವಾಸನೆ ಪೂರ್ತಿ ಹೋಗುವ ತನಕ ಡ್ರೈಯರ್‌ಗೋ ಇಸ್ತ್ರಿಗೋ ಹಾಕಬೇಡಿ, ಬಿಸಿಗೆ ಅದು ಇನ್ನೂ ಗಟ್ಟಿಯಾಗಿ ಕೂರುತ್ತದೆ. ರೇಷ್ಮೆ, ವೆಲ್ವೆಟ್, ಒಳಗಡೆ ಲೈನಿಂಗ್ ಇರುವ ಪರದೆ ನೀವು ಒಗೆಯಬೇಡಿ, ಮನೆಯವರನ್ನು ಕೇಳಿ ಡ್ರೈಕ್ಲೀನಿಂಗ್‌ಗೆ ಕೊಡಿ. ಹಾಸಿಗೆ, ದಿಂಬಿಗೆ ನಮ್ಮ ಟೆರೇಸ್ ಬಿಸಿಲಿಗಿಂತ ಒಳ್ಳೆ ಔಷಧಿ ಇಲ್ಲ. ಒಬ್ಬರ ಕೈಯಲ್ಲಿ ಹೊರಲಾಗದ ಹಾಸಿಗೆಯಾದರೆ ಅಲ್ಲೇ ಅಡುಗೆ ಸೋಡಾ ತೆಳ್ಳಗೆ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್‌ನಿಂದ ಎಳೆಯಿರಿ. ಬರೀ ಬ್ರಷ್ ಇದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಡಿಸಿ.

ಚಳ್ಳಕೆರೆ ಕಡೆಯ ಕಂಬಳಿ ಇದ್ದರೆ ಹುಷಾರು. ಉಣ್ಣೆ ಹೊಗೆಯನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಬಿಸಿನೀರಿಗೆ ಹಾಕಿದರೆ ಮುದುಡಿ ಹಾಳಾಗುತ್ತದೆ. ಕೋಲಿನಿಂದ ಧೂಳು ಕೊಡವಿ, ನೆರಳಿನ ಗಾಳಿಯಲ್ಲಿ ಕೆಲವು ದಿನ ತೂಗುಹಾಕಿ. ಸೋಫಾದ ಫೋಮ್ ಒಳಗಿನ ವಾಸನೆ ತೆಗೆಯೋದು ನಿಮ್ಮಿಂದ ಆಗಲ್ಲ. ಕವರ್ ಒಗೆದು, ಮೇಲೆ ನಿಮ್ಮದೇ ದಪ್ಪ ಬೆಡ್‌ಶೀಟ್ ಹಾಸಿ ಬಿಡಿ.

ಒರೆಸುವ ಕೆಲಸಕ್ಕೆ ಕೈಗೆ ರಬ್ಬರ್ ಗ್ಲೌಸ್ ಹಾಕಿ. ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಫ್ಯಾನಿನ ಸ್ವಿಚ್ ಆರಿಸಿ, ರೆಕ್ಕೆಗೆ ಹಳೇ ದಿಂಬಿನ ಕವರ್ ತೊಡಿಸಿ ಎಳೆದರೆ ಕೊಳೆ ಕವರಿನೊಳಗೇ ಬೀಳುತ್ತದೆ, ಆಮೇಲೆ ಸೋಪಿನ ಬಟ್ಟೆಯಿಂದ ಒರೆಸಿ. ಗಾಜು, ಬಾಗಿಲು, ಪ್ಲಾಸ್ಟಿಕ್ ಕುರ್ಚಿಗೆ ಬಿಳಿ ವಿನೆಗರ್ ಅರ್ಧ, ನೀರು ಅರ್ಧ. ನಿಕೋಟಿನ್ ಕ್ಷಾರ ಗುಣದ್ದು. ಹುಳಿ ತಾಗಿದಾಗ ಅದು ನೀರಿನಲ್ಲಿ ಚೆನ್ನಾಗಿ ಕರಗುವ ಲವಣವಾಗುತ್ತದೆ, ಬಟ್ಟೆಗೆ ಎದ್ದು ಬರುತ್ತದೆ. ಆದರೆ ಕಡಪಾ ಕಲ್ಲು, ಮಾರ್ಬಲ್, ಮೊಸಾಯಿಕ್ ನೆಲದ ಹತ್ತಿರ ವಿನೆಗರ್, ನಿಂಬೆಹಣ್ಣು ಎರಡೂ ತರಬೇಡಿ. ಅವುಗಳಲ್ಲಿ ಸುಣ್ಣದ ಅಂಶ ಇರುತ್ತದೆ, ಹುಳಿ ಬಿದ್ದ ಕಡೆ ಹೊಳಪು ಹೋಗಿ ಕಲೆ ಉಳಿಯುತ್ತದೆ, ಅದನ್ನು ಸರಿ ಮಾಡೋಕೆ ಪಾಲಿಶ್‌ನವರೇ ಬರಬೇಕು. ಅಲ್ಲಿಗೆ ಬರೀ ಸೋಪಿನ ನೀರು ಸಾಕು. ಮತ್ತೆ, ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ವಿನೆಗರ್ ಸುರಿಯಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಗೋಡೆ ಒರೆಸೋಕೆ ಮನೆಯವರು ಒಪ್ಪಿದರೂ ಮೊದಲು ಬಾಗಿಲ ಹಿಂದೆ ಅಂಗೈಯಗಲ ಜಾಗದಲ್ಲಿ ಪರೀಕ್ಷೆ ಮಾಡಿ. ಆಯಿಲ್ ಪೇಂಟ್, ಪ್ಲಾಸ್ಟಿಕ್ ಎಮಲ್ಷನ್ ತಡೆಯುತ್ತವೆ. ಹಳೇ ಡಿಸ್ಟೆಂಪರ್ ಬಣ್ಣ ಬಿಡುತ್ತದೆ. ಸುಣ್ಣದ ಗೋಡೆಯಾದರೆ ಕೈಯೇ ಹಾಕಬೇಡಿ.

ಕೂಲರ್ ಇದೆಯಾ? ಅದರ ಹುಲ್ಲಿನ ಪ್ಯಾಡ್ ಹೊಗೆಯನ್ನು ಹೀರಿಕೊಂಡಿರುತ್ತದೆ, ನೀರು ಬಿದ್ದಾಗ ಆ ವಾಸನೆ ರೂಮಿಗೆಲ್ಲ ಬರುತ್ತದೆ. ಪ್ಯಾಡ್ ಬದಲಾಯಿಸಿ, ತೊಟ್ಟಿ ತೊಳೆಯಿರಿ. ಖರ್ಚನ್ನು ಮನೆಯವರ ಹತ್ತಿರ ಮೊದಲೇ ಮಾತಾಡಿ. ಎಸಿ ಇದ್ದರೆ ಫಿಲ್ಟರ್ ಜಾಲರಿ ತೆಗೆದು ತೊಳೆಯಿರಿ, ಒಳಗಿನ ಕಾಯಿಲ್ ಮೆಕ್ಯಾನಿಕ್ ಕೆಲಸ. ಎಸಿ ಹಾಕಿದರೆ ಹೊಸ ಗಾಳಿ ಬರುತ್ತೆ ಅಂತ ಅಂದುಕೊಳ್ಳಬೇಡಿ, ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತಿರುತ್ತದೆ.

ಇಷ್ಟನ್ನೂ ಇಡೀ ಮನೆಗೆ ಮಾಡೋಕೆ ಆಗದಿದ್ದರೆ ಒಂದೇ ರೂಮ್ ಹಿಡಿಯಿರಿ. ಯಾವ ರೂಮಿನಲ್ಲಿ ಕಡಿಮೆ ಸೇದಿದ್ದಾರೋ ಅದನ್ನು ಆರಿಸಿಕೊಂಡು ಪೂರ್ತಿ ತೊಳೆದು, ನಿಮ್ಮದೇ ದಿಂಬು, ಹೊದಿಕೆ ತಂದು, ಬಾಗಿಲು ಮುಚ್ಚಿಟ್ಟುಕೊಂಡು ಅಲ್ಲೇ ಮಲಗಿ. ದಿನಕ್ಕೆ ಏಳೆಂಟು ಗಂಟೆ ಒಳ್ಳೆ ಗಾಳಿ ಸಿಕ್ಕಿದರೂ ಎಷ್ಟೋ ವ್ಯತ್ಯಾಸ ಆಗುತ್ತದೆ.

ಇವು ಬೇಡ

ಊದುಬತ್ತಿ, ಧೂಪ, ರೂಮ್ ಸ್ಪ್ರೇ. ಪೂಜೆಗೆ ಹಚ್ಚುವುದು ಬೇರೆ, ವಾಸನೆ ಮುಚ್ಚೋಕೆ ಕಟ್ಟುಗಟ್ಟಲೆ ಹಚ್ಚುವುದು ಬೇರೆ. ಅದರ ಹೊಗೆಯಲ್ಲೂ ಸಣ್ಣ ಕಣಗಳಿವೆ, ಸಿಗರೇಟಿನದ್ದು ಹಾಗೇ ಇದ್ದು ಇದೂ ಸೇರುತ್ತದೆ. ಆನ್‌ಲೈನಿನಲ್ಲಿ ಸಿಗುವ ಓಝೋನ್ ಮಷಿನ್ ತರಬೇಡಿ, ಓಝೋನ್ ಶ್ವಾಸಕೋಶಕ್ಕೇ ಪೆಟ್ಟು ಕೊಡುವ ಅನಿಲ. ಏರ್ ಪ್ಯೂರಿಫೈಯರ್ ಇದ್ದರೆ ಇರಲಿ: ಹೆಪಾ ಫಿಲ್ಟರ್ ಕಣ ಹಿಡಿಯುತ್ತದೆ, ವಾಸನೆ ಹಿಡಿಯೋಕೆ ಇದ್ದಿಲಿನ ಫಿಲ್ಟರ್ ಬೇರೆ ಬೇಕು. ಗೋಡೆಗೆ ಅಂಟಿದ್ದನ್ನು ಎರಡೂ ತೆಗೆಯಲ್ಲ.

ನೀವಿರುವಾಗಲೇ ಯಾರಾದರೂ ಸೇದಿದರೆ

ಸಾರ್ವಜನಿಕ ಜಾಗದಲ್ಲಿ ಸೇದಿದರೆ ಕರ್ನಾಟಕದಲ್ಲಿ ಈಗ ದಂಡ 1,000 ರೂಪಾಯಿ ತನಕ ಇದೆ, ಆದರೆ ಸ್ವಂತ ಮನೆಯೊಳಗೆ ಆ ಕಾನೂನು ಬರುವುದಿಲ್ಲ. ಇಲ್ಲಿ ಮಾತೇ ದಾರಿ. ಮನೆಯವರ ಮಗ ಬಂದು ಹಚ್ಚಿದರೆ ಅಲ್ಲೇ, ಆಗಲೇ ಹೇಳಿ: "ಅಣ್ಣ, ಟೆರೇಸ್ ಮೇಲೆ ಹೋಗ್ರಿ, ನನಗೆ ಹೊಗೆ ಆಗಲ್ಲ." ಸಿಟ್ಟು ಬೇಡ, ದೈನ್ಯವೂ ಬೇಡ. ಮತ್ತೆ ಮತ್ತೆ ಆದರೆ ಮನೆಯವರಿಗೆ ತಿಳಿಸಿ, ಬೇರೆಯವರನ್ನು ಹುಡುಕಿಕೊಳ್ಳೋಕೆ ಅವರಿಗೆ ಸಮಯ ಕೊಟ್ಟು ಹೊರಟುಬಿಡಿ. ನಾಯಿ, ಬೆಕ್ಕು ನಿಮ್ಮ ಪಾಲಿಗೆ ಬಿಟ್ಟಿದ್ದರೆ ಅವುಗಳ ವ್ಯವಸ್ಥೆ ಆಗುವ ತನಕ ಮಾತ್ರ ಇರಿ.

ಮನೆ ಕಾಯುವವರೇ ಸೇದುವವರಾದರೆ, ಬೇರೆಯವರ ಮನೆಯೊಳಗೆ ಒಂದೂ ಬೇಡ. ಬಿಡಬೇಕು ಅನ್ನಿಸಿದರೆ 1800-11-2356ಕ್ಕೆ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಮನೆ ವಾಪಸ್ ಕೊಡುವಾಗ ಏನೇನು ಒಗೆದಿರಿ, ಏನು ಬದಲಾಯಿಸಿದಿರಿ, ಏನು ಮುಟ್ಟಿಲ್ಲ ಅಂತ ಬರೆದು ಕೊಡಿ. ಗೋಡೆ ಹಳದಿಯಾಗಿದ್ದರೆ ಅದನ್ನೂ ಹೇಳಿ. ಅವರು ಹಬ್ಬಕ್ಕೆ ಬಣ್ಣ ಹೊಡೆಸೋ ಯೋಚನೆಯಲ್ಲಿದ್ದರೆ ಪೇಂಟರ್‌ಗೆ ತಿಳಿಸಬೇಕಾದ ಒಂದು ಮಾತಿದೆ: ಮೊದಲು ಗೋಡೆ ತೊಳೆದು ಒಣಗಿಸಬೇಕು, ಆಮೇಲೆ ಕಲೆ ತಡೆಯುವ ಆಯಿಲ್ ಪ್ರೈಮರ್ ಒಂದು ಕೋಟ್, ಅದರ ಮೇಲೆ ಬಣ್ಣ. ನೇರವಾಗಿ ಎಮಲ್ಷನ್ ಹೊಡೆದರೆ ಹಳದಿ ಕಲೆಯೂ ವಾಸನೆಯೂ ಹೊಸ ಬಣ್ಣದ ಮೇಲೆ ಎದ್ದು ಬರುತ್ತವೆ.